ತಕ್ಕಡಿ ಭಾವ ಕೀಬೋರ್ಡ್ ತೂಗಿದ್ದು

ಹಳೆ ಕಂಪ್ಯೂಟರ್ ಸಾಮಾನಿನ ವ್ಯಾಪಾರಕ್ಕೆ ಕೂತು ನನ್ನ ತಲೆ ಅರ್ಧ ನೆರೆತಿದೆ. ಇಷ್ಟು ವರ್ಷದಲ್ಲಿ ಚೌಕಾಸಿ ಮಾಡದೆ ಸಾಮಾನು ಕೊಂಡುಹೋದವರು ಇಬ್ಬರೇ. ಒಬ್ಬ ಕುಡಿದಿದ್ದ. ಇನ್ನೊಬ್ಬರು ನನ್ನ ಅಕ್ಕನ ಗಂಡ.

ಕುಡಿದವನ ವಿಷಯದಲ್ಲಿ ಆಶ್ಚರ್ಯವೇನೂ ಇಲ್ಲ. ಭಾವ ಪರ್ಸು ತೆಗೆದಾಗ ಮಾತ್ರ ನನ್ನ ಎದೆ ಧಸಕ್ಕೆಂದಿತು. ಅವರು ಯಾರೆಂದು ತಿಳಿದರೆ ನಿಮಗೂ ಹಾಗೇ ಆಗುತ್ತದೆ.

ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಅವರು ಬೀದಿಯ ಆ ತುದಿಗೆ ಕಾಲಿಟ್ಟರೆ ಈ ತುದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ಲಂಚ ಮುಟ್ಟಿದವರಲ್ಲ. ಯಾರಾದರೂ ಕೊಡಲು ಹೋಗಿದ್ದರೆ ಅದನ್ನೂ ತೂಗಿ, ಕಮ್ಮಿ ಇದೆ ಎಂದು ಕೇಸು ಹಾಕುತ್ತಿದ್ದರು. ಒಂದು ಸಲ ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಒಂದು ಚಮಚ ಕಡಿಮೆ ಇದೆಯೆಂದು, ಜೋರು ಕೆಮ್ಮುತ್ತಲೇ ಅದನ್ನು ಅಂಗಡಿಗೆ ವಾಪಸು ಒಯ್ದರು. ಮಾರುಕಟ್ಟೆಯವರು ಇಟ್ಟ ಹೆಸರು ತಕ್ಕಡಿ. ನಾನು ಅವರ ಭಾವಮೈದ, ಹಾಗಾಗಿ ನನಗೆ ತಕ್ಕಡಿ ಭಾವ. ಹಿಂದಿನಿಂದ ಮಾತ್ರ, ಎದುರಿಗೆ ಬರೀ ಭಾವ.

ಇಂಥವರು ಒಂದು ಬೆಳಿಗ್ಗೆ, ನಾನು ಷಟರ್ ಎತ್ತಿ ಇನ್ನೂ ಗುಡಿಸುತ್ತಿರುವಾಗಲೇ ಬಂದು ನಿಂತರು.

“ಹಳೇ ಕೀಬೋರ್ಡ್ ಎಷ್ಟಿವೆ ನಿನ್ನ ಹತ್ರ?”

“ಯಾಕ್ ಭಾವ, ರಿಟೈರ್ ಆದ್ಮೇಲೂ ರೇಡಾ?”

“ತಲೆಹರಟೆ ಬೇಡ. ಇರೋದೆಲ್ಲ ತೆಗಿ.”

ಹಳೆ ಕೀಬೋರ್ಡಿನ ಹುಚ್ಚು ಏನೆಂದು ತಿಳಿಯದವರಿಗೆ ಇಲ್ಲೊಂದು ಮಾತು ಹೇಳಬೇಕು. ಈಗಿನ ಕೀಬೋರ್ಡುಗಳೆಲ್ಲ ಚಪ್ಪಟೆ. ಒಳಗೊಂದು ರಬ್ಬರ್ ಹಾಳೆ, ಅಷ್ಟೇ. ಹಿಂದಿನವು ಹಾಗಲ್ಲ. ಒಂದೊಂದು ಕೀಗೂ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಒತ್ತಿದರೆ ಒತ್ತಿದೆ ಎಂದು ಬೆರಳಿಗೂ ಕಿವಿಗೂ ಗೊತ್ತಾಗುತ್ತದೆ. ಮುಚ್ಚಿಹೋದ ಕಚೇರಿಗಳಿಂದ ಇವು ಮೂಟೆಗಟ್ಟಲೆ ನಮ್ಮ ಬೀದಿಗೆ ಬರುತ್ತವೆ. ಇವನ್ನು ಹುಡುಕಿಕೊಂಡು ಓದಿದವರು, ಕೆಲಸದಲ್ಲಿರುವವರು, ಮೇಲ್ನೋಟಕ್ಕೆ ಸರಿಯಾಗಿಯೇ ಇರುವವರು ಬರುತ್ತಾರೆ. ಕಣ್ಣು ಮುಚ್ಚಿ ಒಂದೊಂದೇ ಕೀ ಒತ್ತುತ್ತಾರೆ. ಮಾವಿನಹಣ್ಣು ಆರಿಸುವವರಂತೆ ಮೂಸಿದವರೂ ಇದ್ದಾರೆ. ನಾನು ನಗುವುದಿಲ್ಲ. ಗಿರಾಕಿಯ ಹುಚ್ಚು ವ್ಯಾಪಾರಿಯ ಅನ್ನ.

ಮಾಲಿನ ಜಾತಿಗೆ ನಮ್ಮ ಬೀದಿಯಲ್ಲಿ ನಮ್ಮದೇ ಹೆಸರುಗಳು. ಒತ್ತಿದರೆ ಟಿಕ್ ಎನ್ನುವುದು ಗಡಿಯಾರ. ಮುಟ್ಟಿದರೆ ಸದ್ದಿಲ್ಲದೆ ಇಳಿಯುವುದು ಬೆಣ್ಣೆ. ಅದು ಸಿಗುವುದೇ ಅಪರೂಪ. ಕೊನೆಯದು ಕಲ್ಲು. ಹಳೆ ಟಿಕೆಟ್ ಕೌಂಟರುಗಳಿಂದ ಬಂದದ್ದು, ಕಬ್ಬಿಣದ ತಳ, ಗುಮಾಸ್ತ ಸಿಟ್ಟಿನಿಂದ ಕುಟ್ಟಿದರೆ ಮಾತ್ರ ಕೀ ಇಳಿಯುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ. ನನ್ನ ಅಂಗಡಿಯ ಹಿಂಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿರುವುದು ಅಂಥದೇ ಒಂದು ಕಲ್ಲು.

ನಾನು ಕೀಬೋರ್ಡುಗಳನ್ನು ಹರಡಿದೆ. ಭಾವ ಕೈಚೀಲದಿಂದ ಕರ್ಚೀಫಿನಲ್ಲಿ ಸುತ್ತಿದ ಮರದ ಪೆಟ್ಟಿಗೆ ತೆಗೆದರು. ಒಳಗೆ ಹಿತ್ತಾಳೆಯ ಪುಟ್ಟ ಪುಟ್ಟ ತೂಕದ ಬಟ್ಟುಗಳು, ದೊಡ್ಡದರ ಪಕ್ಕ ಚಿಕ್ಕದು, ಶಾಲೆಯ ಸಾಲಿನಂತೆ. ಒಂದನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕೀ ಮೇಲೆ ಇಟ್ಟರು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಟಿಕ್ ಎಂದಿತು. “ಫೇಲ್,” ಎಂದು ಪಕ್ಕಕ್ಕೆ ತಳ್ಳಿದರು.

ನಾನು ಪೊರಕೆ ಹಿಡಿದೇ ನಿಂತುಬಿಟ್ಟೆ. ಅಂಗಡಿಗೆ ಎಂಥೆಂಥ ಹುಚ್ಚರೋ ಬಂದಿದ್ದಾರೆ. ಕೀಬೋರ್ಡನ್ನು ತಕ್ಕಡಿ ಲೆಕ್ಕದಲ್ಲಿ ಪರೀಕ್ಷೆ ಮಾಡಿದವರನ್ನು ಕಂಡಿರಲಿಲ್ಲ. ಅದೂ ಮನೆಯವರೇ ಆಗಿಬಿಟ್ಟರಲ್ಲ!

ಹಳೆ ಬ್ಯಾಟರಿಗಳನ್ನು ತೂಕಕ್ಕೆ ಕೊಳ್ಳುವ ಪಕ್ಕದಂಗಡಿಯವನು ಇಣುಕಿದ. “ಏನಣ್ಣ, ನಿಮ್ ಭಾವ ಚಿನ್ನ ತೂಗ್ತಿದಾರಾ?”

ಭಾವ ತಲೆ ಎತ್ತಲಿಲ್ಲ. “ನಿನ್ನ ತಕ್ಕಡಿಗೆ ಇಲಾಖೆ ಸೀಲ್ ಹಾಕ್ಸಿ ಎಷ್ಟ್ ದಿನ ಆಯ್ತು?”

ಆ ಮೇಲೆ ಅವನು ಮಧ್ಯಾಹ್ನದವರೆಗೆ ಕಾಣಲಿಲ್ಲ.

“ನಿಮ್ಮಕ್ಕನ ಬೆರಳು ನೋಯುತ್ತಂತೆ,” ಎಂದು ಆಗ ಬಾಯಿಬಿಟ್ಟರು. ಅಕ್ಕನದು ಮನೆಯಲ್ಲೇ ಕೂತು ಮಾಡುವ ಕೆಲಸ. ವಕೀಲರ ಕಚೇರಿಯವರು ವಿಚಾರಣೆಯ ಧ್ವನಿಮುದ್ರಣ ಕಳಿಸುತ್ತಾರೆ; ಅವಳು ಕಿವಿಗೆ ಹಾಕಿಕೊಂಡು ಕೇಳುತ್ತ ಟೈಪ್ ಮಾಡಿ ಕೊಡಬೇಕು. “ಎರಡು ಫೈಲು ವಾಪಸ್ ಬಂದಿದೆ, ತಪ್ಪು ಜಾಸ್ತಿ ಅಂತ. ಈಗ ಕೈಲಿರೋದೂ ಹಂಗೇ ಆದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ. ಆ ಕೆಲಸ ಹೋದ್ರೆ ಅವಳು ಹೇಗಿರ್ತಾಳೆ, ನಿಂಗೇ ಗೊತ್ತು.”

ಗೊತ್ತಿತ್ತು. ನಮ್ಮಕ್ಕನಿಗೆ ಬೇರೆಯವರ ಜಗಳ ಕೇಳುವುದೇ ಉಸಿರು. ಅಣ್ಣ ತಮ್ಮಂದಿರು ಒಂದು ಗೋಡೆಗೆ ಹೊಡೆದಾಡಿದ್ದು, ಸಾಕ್ಷಿ ಹೇಳಲು ಬಂದವನು ಯಾವ ಪ್ರಶ್ನೆಗೆ ತೊದಲಿದ, ಎಲ್ಲವೂ ಅವಳ ಬೆರಳಿನ ಕೆಳಗೆ ಹಾದುಹೋಗಬೇಕು.

“ಬೆರಳು ನೋಯೋರಿಗೆ ಹಗುರ ಕೀ ಬೇಕು. ಅಷ್ಟೇ ತಾನೆ?” ಎಂದರು ಭಾವ.

“ಅಷ್ಟೇ ಭಾವ,” ಎಂದೆ. ಇಬ್ಬರು ಬುದ್ಧಿವಂತರು ಸೇರಿದರೆ ಹೀಗೇ, ಯಾರಿಗೂ ಸಂಶಯ ಬರುವುದಿಲ್ಲ.

ಹಿಂಬಾಗಿಲಿನ ಕಲ್ಲನ್ನೂ ಅವರು ಬಿಡಲಿಲ್ಲ. ಪೆಟ್ಟಿಗೆಯ ಬಟ್ಟುಗಳನ್ನೆಲ್ಲ ಅದರ ಮೇಲೆ ಗೋಪುರದಂತೆ ಪೇರಿಸಿದರು. ಕೀ ಮಿಸುಕಲಿಲ್ಲ. “ಇದು ಕೀಬೋರ್ಡಲ್ಲ ಕಣಯ್ಯ, ಶಿಕ್ಷೆ,” ಎಂದು ಕಾಲಿನಲ್ಲಿ ಬಾಗಿಲ ಕಡೆ ತಳ್ಳಿದರು.

ಪಾಸಾದದ್ದು ಒಂದೇ, ಬೆಣ್ಣೆ. ಬೀದಿಯಲ್ಲೆಲ್ಲ ಅದೊಂದೇ ಇದ್ದದ್ದು. ಒಳ್ಳೆ ಗಿರಾಕಿ ಬರಲಿ ಎಂದು ಬಟ್ಟೆ ಸುತ್ತಿ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ. ಬಾಯಿಗೆ ಬಂದ ಬೆಲೆ ಹೇಳಿದೆ. ಅವರು ಕಾಲುಭಾಗಕ್ಕೆ ಕೇಳುವುದು, ನಾನು ಹೆಂಡತಿ ಮಕ್ಕಳ ಹೆಸರು ಹೇಳಿ ಅಳುವುದು, ಕೊನೆಗೆ ಅರ್ಧಕ್ಕೆ ನಿಲ್ಲುವುದು, ಇದು ನಮ್ಮಿಬ್ಬರ ಹಳೆ ಪದ್ಧತಿ. ಭಾವ ಪರ್ಸು ತೆಗೆದು ಕೇಳಿದಷ್ಟೂ ಕೌಂಟರಿನ ಮೇಲಿಟ್ಟರು.

“ಭಾವ, ಮೈ ಹುಷಾರಾಗಿದೆ ತಾನೇ?”

“ಅವಳಿಗೆ ಹೇಳ್ಬೇಡ. ನಾನೇ ಕೊಡ್ತೀನಿ,” ಎಂದು ಬೆಣ್ಣೆಯನ್ನು ಕಂಕುಳಲ್ಲಿ ಹಿಡಿದು ನಡೆದರು. ಗೆದ್ದ ವ್ಯಾಪಾರದಲ್ಲಿ ಇಷ್ಟು ದಿಗಿಲು ಬಿದ್ದದ್ದು ನನಗೆ ಅದೇ ಮೊದಲು.

ಕೆಲವು ದಿನ ಕಳೆದು ನನ್ನ ದೊಡ್ಡ ಗಿರಾಕಿ ಬಂದರು, ಹಲ್ಲಿನ ಡಾಕ್ಟರು. ಅವರ ಮನೆಯಲ್ಲಿ ಕೀಬೋರ್ಡುಗಳಿಗೇ ಒಂದು ಕೋಣೆ. “ನಿಮ್ಮ ಹತ್ರ ಬೆಣ್ಣೆ ಇತ್ತಂತೆ?” ಎಂದು ಅವರು ಹೇಳಿದ ಬೆಲೆ ಕೇಳಿ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಭಾವನಿಗೆ ಹೇಳಿದ್ದು ಅದರ ಮುಂದೆ ಭಿಕ್ಷೆ.

“ಸ್ವಲ್ಪ ತಡೀರಿ ಸಾರ್, ಸರ್ವೀಸಿಗೆ ಕೊಟ್ಟಿದೀನಿ,” ಎಂದು ಅಂಗಡಿ ಬಾಗಿಲು ಹಾಕಿ ಅಕ್ಕನ ಮನೆಗೆ ಓಡಿದೆ. ಭಾವನ ಹಣ ಭಾವನಿಗೆ, ಜೊತೆಗೆ ಹಗುರವಾದ ಇನ್ನೊಂದು ಕೀಬೋರ್ಡು ಪುಕ್ಕಟೆ. ಸಂಬಂಧವೂ ಉಳಿಯಿತು, ವ್ಯಾಪಾರವೂ ಆಯಿತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಊಟದ ಕೋಣೆಯ ಬಾಗಿಲಲ್ಲಿ ಆ ಮಾತೆಲ್ಲ ಉದುರಿಹೋಯಿತು.

ಮೇಜಿನ ಮೇಲೆ ಬೆಣ್ಣೆಯ ಹೆಣ ಬಿದ್ದಿತ್ತು. ಕೀಗಳ ಟೊಪ್ಪಿಗಳು ಒಂದು ಬಟ್ಟಲಲ್ಲಿ. ಸ್ವಿಚ್ಚುಗಳ ಬಾಯಿ ತೆರೆದಿದೆ. ಭಾವ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಇಕ್ಕುಳದಲ್ಲಿ ಒಂದು ಸ್ಪ್ರಿಂಗ್ ಹಿಡಿದು, ಅದರ ತುದಿಯನ್ನು ಕಟಕ್ ಎಂದು ಕತ್ತರಿಸಿದರು. ಪತ್ರಿಕೆಯ ಹಾಳೆಯ ಮೇಲೆ ಕತ್ತರಿಸಿದ ತುದಿಗಳು ಉಗುರಿನ ಚೂರುಗಳಂತೆ ಗುಡ್ಡೆಯಾಗಿದ್ದವು.

“ಭಾವಾ! ಏನಿದು?”

“ಸ್ಪ್ರಿಂಗು.”

“ಸ್ಪ್ರಿಂಗ್ ಅಂತ ನಂಗೂ ಗೊತ್ತು! ಕತ್ತರಿಸ್ತಾ ಇದೀರಲ್ಲ!”

“ಇನ್ನೂ ಭಾರ ಇತ್ತು. ತುದಿ ತೆಗೆದ್ರೆ ಹಗುರ ಆಗುತ್ತೆ. ನೋಡು, ಈಗ ನೊಣ ಕೂತ್ರೂ ಇಳಿಯುತ್ತೆ.”

“ಅಯ್ಯೋ, ಇದರ ಬೆಲೆ ಏನು ಅಂತ ಗೊತ್ತಾ ನಿಮಗೆ?”

“ಗೊತ್ತು. ನೀನೇ ಹೇಳಿದ್ಯಲ್ಲ, ನಾನೇ ಕೊಟ್ನಲ್ಲ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ಎದುರಿಗೆ ಮೇಜಿನ ಮೇಲೆ ಭಾವನ ಹಿತ್ತಾಳೆ ತಕ್ಕಡಿ ನಿಂತಿತ್ತು. ನಿವೃತ್ತಿಯ ದಿನ ಇಲಾಖೆಯವರು ಕೊಟ್ಟದ್ದು. ಎರಡು ಪುಟ್ಟ ತಟ್ಟೆ, ನಡುವೆ ಕೂದಲಿನಷ್ಟು ತೆಳ್ಳನೆಯ ಮುಳ್ಳು. ನನ್ನ ನಷ್ಟ ಅದರಲ್ಲಿ ತೂಗುವಂಥದ್ದಲ್ಲ.

ಭಾವ ಅವಸರವಿಲ್ಲದೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. ಕಂಪ್ಯೂಟರಿಗೆ ಸಿಕ್ಕಿಸಿದರು. ಒಳಗೆ ತಿರುಗಿ ಕೂಗಿದರು: “ಏನೇ, ಬಾ ಇಲ್ಲಿ.”

ಅಕ್ಕ ಕತ್ತಿಗೆ ಇಯರ್‌ಫೋನ್ ತೂಗುಹಾಕಿಕೊಂಡೇ ಬಂದಳು. ಕೈಗಳನ್ನು ಟವೆಲಿನಲ್ಲಿ ಒರೆಸುತ್ತಿದ್ದಳು, ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಕೀಬೋರ್ಡ್ ನೋಡಿದಳು, ನನ್ನನ್ನು ನೋಡಿದಳು.

“ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಉಡುಗೊರೆ, ಅದೂ ಸೆಕೆಂಡ್ ಹ್ಯಾಂಡು. ನಿನ್ನ ಅಂಗಡಿದೇ ಇರ್ಬೇಕು ಅಲ್ವೇನೋ? ಎಷ್ಟು ಬೋಳಿಸಿದೆ ಇವರನ್ನ?”

“ಬೋಳಿಸಿಕೊಂಡಿರೋನು ನಾನು ಕಣಕ್ಕ,” ಎಂದೆ. ನಿಜವಾಗಿ ಅಳು ಬಂದಿತ್ತು.

“ನೋವಿಗೆ ಇದೇ ಸರಿ,” ಎಂದರು ಭಾವ. “ಒತ್ತೋದೇ ಬೇಡ, ಸುಮ್ನೆ ಬೆರಳಿಡು. ಕೈಲಿರೋ ಫೈಲಿಂದ ಎರಡು ಸಾಲು ಹೊಡಿ ನೋಡೋಣ.”

“ಆಮೇಲೆ ನೋಡ್ತೀನಿ ರೀ, ಅರ್ಧ ಕೆಲಸ ಬಿಟ್ಟು ಬಂದಿದೀನಿ.”

“ಎರಡೇ ಸಾಲು.”

ಅವಳು ಕೂತಳು. ನಾವಿಬ್ಬರೂ ಅವಳ ಬೆನ್ನ ಹಿಂದೆ ನಿಂತು ಪರದೆ ನೋಡಿದೆವು. ಅವಳು ಹೊಡೆಯಲು ಹೊರಟದ್ದು ಯಾವುದೋ ಮನೆಯ ಗೋಡೆಯ ಜಗಳ. ಪರದೆಯಲ್ಲಿ ಮೂಡಿದ್ದು “ಮಮಮನೆ.” ಅದರ ಮುಂದೆ “ಗಗಗೋಡೆ.” ಅಕ್ಷರಗಳ ಪಕ್ಕದಲ್ಲಿ ಅವುಗಳ ಮರಿಗಳು. ಅಳಿಸಿ ಮತ್ತೆ ಹೊಡೆದಳು, ಮರಿಗಳು ಹೆಚ್ಚಾದವು.

ಭಾವ ನನ್ನ ಕಡೆ ತಿರುಗಿದರು. ಮಾರುಕಟ್ಟೆಯನ್ನು ನಡುಗಿಸುತ್ತಿದ್ದ ಮುಖ ಅದು. “ಕೆಟ್ಟ ಮಾಲು ಕೊಟ್ಟಿದೀಯ. ಅಕ್ಕನ ಮನೆಗೇ.”

“ಏಳಕ್ಕ,” ಎಂದೆ. ಮಾಲಿಗೆ ಹೆಸರಿಟ್ಟರೆ ಮಾತ್ರ ನಾನು ಸುಮ್ಮನಿರುವವನಲ್ಲ. ಅವಳ ಜಾಗದಲ್ಲಿ ಕೂತು ಅದೇ ಮಾತು ಹೊಡೆದೆ. ಮನೆ. ಗೋಡೆ. ಒಂದು ಮರಿಯೂ ಇಲ್ಲ. ಭಾವ ನನ್ನನ್ನು ಎಬ್ಬಿಸಿ ತಾವು ಕೂತು, ತೋರುಬೆರಳೊಂದರಲ್ಲೇ ಹುಡುಕಿ ಹುಡುಕಿ ಒತ್ತಿದರು. ಮನೆ. ಗೋಡೆ.

“ಸರಿ ಇದೆಯಲ್ಲ,” ಎಂದು ಅವರು ಗೊಣಗಿದರು.

ಅಕ್ಕ ಒಳಗೆ ಹೋಗಲು ತಿರುಗಿದಳು. ತಿರುಗುವಾಗ ಆಸರೆಗೆಂದು ಮೇಜಿನ ಮೇಲೆ ಕೈಯೂರಿದಳು. ಕೈಯ ತುದಿಬೆರಳು ತಕ್ಕಡಿಯ ತಟ್ಟೆಗೆ ತಾಗಿತು.

ಮುಳ್ಳು ಅಲುಗಿತು. ಭಾವನ ಕಣ್ಣು ತಾನಾಗಿಯೇ ಅತ್ತ ಹೋಯಿತು. ಆಯುಷ್ಯವೆಲ್ಲ ಮಾಡಿದ ಕೆಲಸ ಅದು, ಮುಳ್ಳು ಅಲುಗಿದರೆ ನಿಲ್ಲುವವರೆಗೆ ಕಾಯುವುದು. ಕಾದರು. ನಾನೂ ನೋಡಿದೆ. ಮುಳ್ಳು ಆಚೆ ಈಚೆ ಸಣ್ಣಗೆ ತುಯ್ಯುತ್ತಲೇ ಇತ್ತು, ಗಾಳಿಗೆ ಸಿಕ್ಕ ಹುಲ್ಲಿನಂತೆ. ಅದು ನಿಲ್ಲಲಿಲ್ಲ.

ಅಕ್ಕ ಬೆಂಕಿ ತಾಗಿದಂತೆ ಕೈ ಎಳೆದುಕೊಂಡು ಟವೆಲಿನಲ್ಲಿ ಸುತ್ತಿದಳು.

ಬೆಣ್ಣೆ, ಡಾಕ್ಟರು, ಬೆಲೆ ಎಲ್ಲ ತಲೆಯಿಂದ ಹಾರಿಹೋಯಿತು. ಆ ತುಯ್ತ ನನಗೆ ಗೊತ್ತಿತ್ತು. ನಮ್ಮ ಅಮ್ಮನ ಕೈ ಅದು. ಅಮ್ಮನಿಗೂ ಮೊದಲು ಹೀಗೆ ಬೆರಳ ತುದಿಯಲ್ಲೇ ಶುರುವಾಗಿತ್ತು.

“ನೋವು ಅಂದ್ಯಲ್ಲೇ,” ಎಂದರು ಭಾವ.

“ನೋವು ಅಂದ್ರೆ ಮುಲಾಮು ಕೊಟ್ಟು ಸುಮ್ಮನಾಗ್ತೀರಿ ಅಂದ್ಕೊಂಡೆ. ನೀವು ಮಾರ್ಕೆಟ್ಟೆಲ್ಲ ತೂಗಿ ಬರ್ತೀರಿ ಅಂತ ಯಾರಿಗೆ ಗೊತ್ತಿತ್ತು?”

“ಹೇಳಬಾರ್ದಾಗಿತ್ತಾ?”

ಅವಳು ಉತ್ತರ ಕೊಟ್ಟದ್ದು ನನ್ನ ಕಡೆ ನೋಡಿ. “ಅಮ್ಮನಿಗೆ ನಾವು ಏನು ಮಾಡಿದ್ವಿ, ನೆನಪಿದೆಯೇನೋ? ಒಳ್ಳೇದಕ್ಕೇ ಮಾಡಿದ್ವಿ. ಮೊದಲು ಚಾಕು ಕಿತ್ಕೊಂಡ್ವಿ. ಆಮೇಲೆ ಬಿಸಿ ಪಾತ್ರೆ. ಆಮೇಲೆ ನಿನ್ನ ಮಗಳನ್ನ ಎತ್ಕೊಳ್ಳೋಕೆ ಕೈ ಚಾಚಿದ್ರೆ, ‘ಬೇಡಮ್ಮ, ಕೂತ್ಕೋ’ ಅಂದೆ ನೀನು. ಅವಳ ಕೈ ನಡುಗಿದ್ದಕ್ಕೆ ಸೊರಗಲಿಲ್ಲ ಕಣೋ, ಖಾಲಿಯಾಗಿದ್ದಕ್ಕೆ ಸೊರಗಿದಳು. ನನ್ನ ಕೈಯಿಂದ ಮೊದಲು ಹೋಗೋದು ಈ ಕೆಲಸ. ಆಮೇಲೆ ನೀವಿಬ್ಬರೂ ಒಂದೊಂದೇ ಶುರು ಮಾಡ್ತೀರಿ. ಅದಕ್ಕೇ ಹೇಳ್ಲಿಲ್ಲ.”

ಅವಳ ಕತ್ತಿನ ಇಯರ್‌ಫೋನಿನಿಂದ ಯಾರೋ ವಕೀಲ ಯಾರಿಗೋ ಸಣ್ಣಗೆ ಜೋರು ಮಾಡುತ್ತಿದ್ದ.

ಭಾವ ಬೆಣ್ಣೆಯ ಕಡೆ ನೋಡಿದರು. ನೊಣ ಕೂತರೂ ಇಳಿಯುವಂತೆ ತಾವೇ ಮಾಡಿಟ್ಟದ್ದು. ಅಂಗಡಿಯಲ್ಲಿದ್ದ ಕೀಗಳನ್ನೆಲ್ಲ ತೂಗಿದ ಮನುಷ್ಯ ಮನೆಯಲ್ಲಿದ್ದ ಬೆರಳನ್ನು ತೂಗಿರಲಿಲ್ಲ. ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ತಕ್ಕಡಿಯನ್ನು ಅವಳ ಕಡೆ ಸರಿಸಿದರು. “ಕೂತ್ಕೋ. ಬೆರಳಿಡು.”

“ಯಾಕೆ, ಸೀಲ್ ಹಾಕ್ತೀರಾ?”

“ಇಡೇ.”

ಅವಳು ಟವೆಲು ಬಿಚ್ಚಿ ಬೆರಳಿಟ್ಟಳು. ಮುಳ್ಳು ಮತ್ತೆ ತುಯ್ದಾಡಿತು. ಭಾವ ಆಚೆಯ ತಟ್ಟೆಗೆ ಬಟ್ಟು ಹಾಕುತ್ತ ಹೋದರು. ಒಂದು, ಅದರ ಮೇಲೊಂದು. ಒಂದು ಹಂತದಲ್ಲಿ ಆ ತಟ್ಟೆ ಕೂತಿತು. ನಡುಗುವ ಬೆರಳು ಅದನ್ನು ಎತ್ತಲಾರದೆ ಹೋಯಿತು. “ಈಗ ನೀನಾಗಿ ಒತ್ತು,” ಎಂದರು. ಅಕ್ಕ ಒತ್ತಿದಳು. ತಟ್ಟೆ ಥಟ್ಟನೆ ಮೇಲೆದ್ದಿತು.

“ನಿನ್ನ ನಡುಕ ಇಷ್ಟು ತೂಕ,” ಎಂದು ಬಟ್ಟುಗಳನ್ನು ಅಂಗೈಗೆ ಸುರಿದುಕೊಂಡರು. “ಇದಕ್ಕಿಂತ ಗಟ್ಟಿ ಕೀ ಆದ್ರೆ ನಡುಕ ಅದಕ್ಕೆ ಕೇಳಿಸೋದೇ ಇಲ್ಲ. ನೀನು ಬೇಕು ಅಂತ ಒತ್ತಿದ್ದು ಮಾತ್ರ ಕೇಳಿಸುತ್ತೆ.” ನನ್ನ ಕಡೆ ತಿರುಗಿದರು. “ಏನಯ್ಯ, ಆ ಹಿಂಬಾಗಿಲಿನ ಶಿಕ್ಷೆ ಇನ್ನೂ ಇದೆಯಾ?”

ನಾನು ಚಪ್ಪಲಿ ಮೆಟ್ಟಿಕೊಂಡೆನೋ ಇಲ್ಲವೋ ಗೊತ್ತಿಲ್ಲ. ಅಂಗಡಿಗೆ ಓಡಿ ಕಲ್ಲನ್ನು ಎತ್ತಿದೆ. ಹಿಂಬಾಗಿಲು ಧಡಾರನೆ ಬಡಿಯಿತು. ಬ್ಯಾಟರಿಯವನು ಹೌಹಾರಿ ಹೊರಗೆ ಬಂದ. “ಅಣ್ಣ, ಅದಕ್ಕೂ ಗಿರಾಕಿ ಬಂದ್ರಾ?” ನಾನು ನಿಲ್ಲಲಿಲ್ಲ. ಅವನು ಬಾಯಿ ತೆರೆದುಕೊಂಡೇ ನಿಂತಿದ್ದನೆಂದು ಆಮೇಲೆ ಬೀದಿಯವರು ಹೇಳಿದರು.

ಅಕ್ಕನ ಮನೆಗೆ ತಂದು ಧೂಳು ಝಾಡಿಸಿ, ಹಳೆ ಗುಂಡು ಪಿನ್ನಿಗೆ ಒಂದು ಅಡಾಪ್ಟರ್ ಹಾಕಿ ಸಿಕ್ಕಿಸಿದೆ. ಅಕ್ಕ ಕೂತಳು. ಮೊದಲ ಕೀ ಒತ್ತಿದಾಗ ಎದ್ದ ಸದ್ದಿಗೆ ನಾವು ಮೂವರೂ ಬೆಚ್ಚಿದೆವು, ಕಲ್ಲು ಒಡೆಯುವವರು ಮನೆಗೆ ಬಂದಂತೆ. ಬೆರಳು ಕೀ ಮೇಲೆ ನಡುಗುತ್ತಲೇ ಇತ್ತು, ಕೀ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒತ್ತಿದಾಗ ಮಾತ್ರ ಇಳಿಯಿತು. ಮನೆ. ಗೋಡೆ. ಒಂದು ಸಾಲು, ಎರಡು ಸಾಲು, ಗೋಡೆ ಕಟ್ಟಿದ ತಮ್ಮ, ಕೆಡವಿದ ಅಣ್ಣ. ಒಂದೂ ಮರಿಯಿಲ್ಲ.

ಪವಾಡವೇನಲ್ಲ. ಅರ್ಧ ಪುಟಕ್ಕೇ ಅವಳ ಭುಜ ಸೋತಿತು, ನಿಲ್ಲಿಸಿ ನಿಲ್ಲಿಸಿ ಹೊಡೆದಳು. ಆದರೆ ಆ ಫೈಲು ವಾಪಸು ಬರಲಿಲ್ಲ, ಬದಲಿಗೆ ಹೊಸದೊಂದು ಬಂತು. ವೈದ್ಯರ ಹತ್ತಿರ ಹೋಗಲೂ ಒಪ್ಪಿದಳು, “ಮಾತ್ರೆ ನನ್ನ ಕೈಗೇ ಕೊಡಬೇಕು” ಎಂಬ ಕರಾರಿನ ಮೇಲೆ. ವೈದ್ಯರು ಅಮ್ಮನದೇ ನಡುಕ ಎಂದರು. ನಿಧಾನ ಮಾಡಬಹುದಂತೆ, ನಿಲ್ಲಿಸಲಾಗದಂತೆ. ಹಲ್ಲಿನ ಡಾಕ್ಟರಿಗೆ ಬೆಣ್ಣೆಯ ಗತಿ ಹೇಳಿದಾಗ, ತಮ್ಮದೇ ಹಲ್ಲು ಕಿತ್ತವರಂತೆ ಕೆನ್ನೆ ಹಿಡಿದುಕೊಂಡು ಮಾತಾಡದೆ ಹೋದರು. ಕಲ್ಲಿಗೆ ಎಷ್ಟು ಎಂದು ಭಾವ ಕೇಳಿದರು. ಬೆಲೆ ಇಲ್ಲದ ಮಾಲಿಗೆ ಬೆಲೆ ಹೇಳಲು ನನಗೆ ಬರುವುದಿಲ್ಲ ಎಂದೆ. ಅವರು ಅನುಮಾನದಿಂದ ನೋಡಿದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಕಲ್ಲು ಕುಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅಕ್ಕ ಅಡುಗೆಮನೆಯಿಂದ ಎರಡು ಕೈಯಲ್ಲಿ ಎರಡು ಲೋಟ ಚಹಾ ಹಿಡಿದು ಹೊರಟಳು. ಅಂಚಿನವರೆಗೆ ತುಂಬಿದ ಲೋಟಗಳು. ಬೇಕೆಂದೇ ತುಂಬಿದ್ದಳೋ ಏನೋ. ನಾನು ಧಡಕ್ಕನೆ ಏಳಹೊರಟೆ. ಭಾವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದರು. ಆ ಕೈಯೂ ಸಣ್ಣಗೆ ನಡುಗುತ್ತಿತ್ತು. ಎದ್ದು ಹೋಗದಂತೆ ತಮ್ಮನ್ನು ತಾವೇ ಹಿಡಿದಿಟ್ಟುಕೊಂಡ ನಡುಕ ಅದು.

ಅವಳು ನಡೆದು ಬರುವಷ್ಟು ಹೊತ್ತು ನಾವಿಬ್ಬರೂ ಲೋಟಗಳನ್ನೇ ನೋಡುತ್ತ ಕೂತೆವು. ನೆಲದ ಮೇಲೆ ಚಹಾ ತೊಟ್ಟು ತೊಟ್ಟಾಗಿ ದಾರಿ ಬರೆಯುತ್ತ ಬಂತು. ಲೋಟಗಳು ಮೇಜು ಸೇರಿದವು.

ಭಾವ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಲೋಟದ ಅಂಚಿಗೆ ಕಣ್ಣು ಹೊಂದಿಸಿ ನೋಡಿದರು.

“ಅಳತೆ ಕಮ್ಮಿ ಇದೆ ಕಣೇ.”

“ದಂಡ ಹಾಕ್ಕೊಳ್ಳಿ,” ಎಂದು ಅಕ್ಕ ಕೈ ಒರೆಸಿಕೊಂಡು ಕೆಲಸಕ್ಕೆ ಒಳಗೆ ಹೋದಳು.